ಮುಂಗಡ ಪಡೆದವನಿಗೆ ಬಿಟ್ಟುಹೋಗುವ ಹಕ್ಕಿಲ್ಲವೇ?

2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರ ವಿಡಿಯೊ ನಾಡಿನ ತುಂಬ ಹರಿದಾಡಿತು. ಬಾಗಲಕೋಟೆ ಜಿಲ್ಲೆಯ ಜಮಖಂಡಿ ಕಡೆಯಿಂದ ದುಡಿಯಲು ಬಂದಿದ್ದ ಮೂವರನ್ನು ಹಿಡಿದು, ಪೈಪಿನಿಂದ ಅಂಗಾಲಿಗೆ ಬಡಿಯುವ ದೃಶ್ಯ ಅದು. ಅವರು ಸಂಕ್ರಾಂತಿಗೆಂದು ಊರಿಗೆ ಹೋಗಿದ್ದರು. ಹೇಳಿದ ಹೊತ್ತಿಗೆ ಮರಳಿರಲಿಲ್ಲ. ಕೆಲಸಕ್ಕೆ ಸೇರುವಾಗ ಮುಂಗಡ ಪಡೆದಿದ್ದರು. ವಿಡಿಯೊ ಹೊರಬಿದ್ದ ಮೇಲೆ ಪೊಲೀಸರು ಹೊಡೆದವರನ್ನು ಬಂಧಿಸಿದರು, ಮಂತ್ರಿಗಳು ಖಂಡಿಸಿದರು, ಪತ್ರಿಕೆಗಳು ಬರೆದವು.

ಇಂಥ ಪ್ರಕರಣ ನಡೆದಾಗಲೆಲ್ಲ ಖಂಡನೆಯ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. 'ಹೊಡೆದದ್ದು ತಪ್ಪು, ಒಪ್ಪೋಣ. ಆದರೆ ಅಡ್ವಾನ್ಸ್ ತಗೊಂಡು ಹೋಗಿಬಿಟ್ಟರೆ ಮಾಲೀಕ ಏನು ಮಾಡಬೇಕು?' ಚಹಾದಂಗಡಿಯಲ್ಲೂ ಈ ಪ್ರಶ್ನೆ ಏಳುತ್ತದೆ, ತಾಲ್ಲೂಕು ಕಚೇರಿಯಲ್ಲೂ ಏಳುತ್ತದೆ. ಸಜ್ಜನರೇ ಕೇಳುತ್ತಾರೆ. ಕೇಳುವವರ ದೃಷ್ಟಿಯಲ್ಲಿ ಏಟು ಒಂದು ಅತಿರೇಕ ಅಷ್ಟೆ. ಮುಂಗಡ ಕೊಟ್ಟವನು ದುಡಿಯುವವನ ಮೇಲೆ ಹಿಡಿತ ಇಟ್ಟುಕೊಳ್ಳುವುದು ಮಾತ್ರ ನ್ಯಾಯವೇ. ಹಣ ಪಡೆದವನು ತೀರಿಸುವ ತನಕ ಅಲ್ಲೇ ಇರಬೇಕು, ಹೋಗುವುದಾದರೆ ಕೇಳಿ ಹೋಗಬೇಕು, ಕೇಳಿ ಹೋದರೂ ಹೇಳಿದ ದಿನ ಬರಬೇಕು. ಜೀತ ಎಂಬುದು ಅಜ್ಜನ ಕಾಲದಲ್ಲಿತ್ತು, ಈಗಿರುವುದು ಒಪ್ಪಂದ ಎಂಬ ನಂಬಿಕೆ ಈ ನಾಡಿನಲ್ಲಿ ಆಳವಾಗಿ ಬೇರೂರಿದೆ.

ಈ ನಂಬಿಕೆ ತಪ್ಪು. ಕಾನೂನಿನ ಲೆಕ್ಕದಲ್ಲಿ ತಪ್ಪು, ಇತಿಹಾಸದ ಲೆಕ್ಕದಲ್ಲಿ ತಪ್ಪು, ಮನುಷ್ಯರು ನಿಜಕ್ಕೂ ಹೇಗೆ ಬದುಕುತ್ತಿದ್ದಾರೆ ಎಂಬ ಲೆಕ್ಕದಲ್ಲಂತೂ ಕ್ರೂರವಾದ ತಪ್ಪು.

ಕಾನೂನನ್ನೇ ಮೊದಲು ನೋಡಬಹುದು. ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1975ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ನಿರ್ಮೂಲನ ಶಾಸನ ಸರಪಳಿಯನ್ನು ಹುಡುಕುವುದಿಲ್ಲ, ಬೀಗವನ್ನು ಹುಡುಕುವುದಿಲ್ಲ. ಮುಂಗಡಕ್ಕೆ ಬದಲಾಗಿ ಒಬ್ಬ ತನ್ನ ಅಥವಾ ತನ್ನ ಮನೆಯವರ ದುಡಿಮೆಯನ್ನು ಒಪ್ಪಿಸಿದ್ದಾನೆಯೇ ಎಂದು ಅದು ಕೇಳುತ್ತದೆ. ಒಪ್ಪಿಸಿದ್ದರೆ ಇನ್ನು ನಾಲ್ಕು ಸಂಗತಿಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು: ಕೂಲಿ ಇಲ್ಲದಿರುವುದು ಅಥವಾ ಕನಿಷ್ಠ ಕೂಲಿಗಿಂತ ಕಡಿಮೆ ಇರುವುದು, ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲದಿರುವುದು, ದೇಶದಲ್ಲಿ ಎಲ್ಲಿಗಾದರೂ ಓಡಾಡುವ ಸ್ವಾತಂತ್ರ್ಯ ಇಲ್ಲದಿರುವುದು, ತಾನು ಬೆಳೆದದ್ದನ್ನು ಅಥವಾ ಮಾಡಿದ್ದನ್ನು ಪೇಟೆಯ ದರಕ್ಕೆ ಮಾರುವ ಹಕ್ಕಿಲ್ಲದಿರುವುದು. ನಾಲ್ಕೂ ಬೇಕಿಲ್ಲ. ಸಂಕ್ರಾಂತಿಗೆ ಊರಿಗೆ ಹೋಗಿ ಎರಡು ದಿನ ತಡವಾಗಿ ಬರುವ ಸ್ವಾತಂತ್ರ್ಯ ಮುಂಗಡದ ಕಾರಣಕ್ಕೆ ಇಲ್ಲವಾದರೆ, ಶಾಸನದ ಮಾತಿನಲ್ಲಿ ಅದು ಜೀತ.

ಆ ಸಾಲದ ಗತಿ ಏನು? ಕಾಯ್ದೆ ಜಾರಿಗೆ ಬಂದ ಕ್ಷಣದಿಂದ ಜೀತದ ಸಾಲ ರದ್ದು. ಅದನ್ನು ವಸೂಲಿ ಮಾಡಲು ಯಾವ ನ್ಯಾಯಾಲಯಕ್ಕೂ ಹೋಗುವಂತಿಲ್ಲ. ಕಾರ್ಮಿಕ ತಾನಾಗಿಯೇ ತಂದು ಕೊಟ್ಟರೂ ಮಾಲೀಕ ಅದನ್ನು ಪಡೆಯುವಂತಿಲ್ಲ, ಪಡೆದರೆ ಮೂರು ವರ್ಷದವರೆಗೆ ಜೈಲು. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನೂ ಕಾಯ್ದೆಯ 15ನೇ ಕಲಮು ಸಾಲ ಕೊಟ್ಟವನ ಹೆಗಲಿಗೇ ಹಾಕಿದೆ. 'ಮಾಲೀಕ ಏನು ಮಾಡಬೇಕು?' ಎಂದು ಕೇಳುವವರಿಗೆ ಸಂಸತ್ತು ಐವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ದುಡಿಮೆಯನ್ನು ಅಡ ಇಟ್ಟುಕೊಂಡು ಸಾಲ ಕೊಡಬಾರದಾಗಿತ್ತು.

ಈಗಿರುವುದು ಗುತ್ತಿಗೆ, ವಲಸೆ, ಹಂಗಾಮಿ ಕೆಲಸ, ಇವು ಜೀತದ ವ್ಯಾಖ್ಯೆಗೆ ಬರುವುದಿಲ್ಲ ಎಂಬ ವಾದವೂ ಹೊಸದಲ್ಲ. ಅದಕ್ಕೂ ಸಂಸತ್ತು 1985ರಲ್ಲಿ ತಿದ್ದುಪಡಿ ತಂದು ವಿವರಣೆ ಸೇರಿಸಿತು. ಗುತ್ತಿಗೆ ಕಾರ್ಮಿಕರಾಗಲಿ, ಹೊರರಾಜ್ಯದಿಂದ ಬಂದ ವಲಸೆ ಕಾರ್ಮಿಕರಾಗಲಿ, ಮೇಲೆ ಹೇಳಿದ ಸ್ಥಿತಿಯಲ್ಲಿದ್ದರೆ ಅವರೂ ಜೀತದಾಳುಗಳೇ ಎಂದು ಅದು ಸ್ಪಷ್ಟಪಡಿಸಿತು. ನಲವತ್ತು ವರ್ಷಗಳಾದ ಮೇಲೂ ಅದೇ ಸಬೂಬು ಕಚೇರಿ ಕಡತಗಳಲ್ಲಿ ಕುಳಿತಿರುವುದು ನಾಚಿಕೆಗೇಡು.

ಹಾಗಾದರೆ ಮುಂಗಡ ಪಡೆದು ಹೋದವನು ಮೋಸಗಾರ, ಅವನನ್ನು ಹಿಡಿದು ತರಬೇಕು ಎಂಬ ಭಾವನೆ ಎಲ್ಲಿಂದ ಬಂತು? ಅದಕ್ಕೆ ಖಚಿತವಾದ ಹುಟ್ಟಿದ ವರ್ಷವಿದೆ. 1859ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕರ ಕರಾರು ಉಲ್ಲಂಘನೆ ಕಾಯ್ದೆಯನ್ನು ತಂದಿತು. ಕಲ್ಕತ್ತೆಯ ವ್ಯಾಪಾರಿಗಳ ಒತ್ತಾಯಕ್ಕೆ ಮಣಿದು ತಂದ ಕಾನೂನು ಅದು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸು ಅಥವಾ ಕೆಲಸ ಪೂರೈಸು ಎಂದು ಅವರು ಆಜ್ಞೆ ಮಾಡಬಹುದಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕರಾರು ಮುರಿದ ಮಾಲೀಕನಿಗೆ ಅಂಥ ಶಿಕ್ಷೆ ಇರಲಿಲ್ಲ. ಚಹಾ, ಕಾಫಿ ತೋಟಗಳು ಬೆಳೆದದ್ದು ಇಂಥ ಕಾನೂನುಗಳ ನೆರಳಿನಲ್ಲಿ. 1859ರ ಕಾಯ್ದೆ 1925ರಲ್ಲಿ ರದ್ದಾಯಿತು. ತೋಟಗಾರರು ಸುಮ್ಮನಿರಲಿಲ್ಲ, ಕೊಡಗಿಗೆಂದೇ 1926ರಲ್ಲಿ ಪ್ರತ್ಯೇಕ ಕಾರ್ಮಿಕ ಕಾಯ್ದೆಯನ್ನು ಮಾಡಿಸಿಕೊಂಡು ಇನ್ನೂ ಕೆಲವು ವರ್ಷ ಅದೇ ದಂಡನೆಯನ್ನು ಉಳಿಸಿಕೊಂಡರು.

ನಮ್ಮ ನೈತಿಕ ಪ್ರಜ್ಞೆ ಎಂದು ನಾವು ತಿಳಿದಿರುವ ಮಾತು ತೋಟದ ದೊರೆಗಳು ಬರೆಸಿದ ಕಾನೂನು. ಕಾನೂನು ಸತ್ತು ನೂರು ವರ್ಷವಾಯಿತು, ಅದರ ತರ್ಕ ಪೊಲೀಸ್ ಠಾಣೆಯ ಮೇಜಿನ ಮೇಲೆ ಇನ್ನೂ ಜೀವಂತವಾಗಿದೆ. ಭಟ್ಟಿಯಿಂದ ಓಡಿಹೋದ ಕುಟುಂಬದ ಮೇಲೆ ವಂಚನೆಯ ದೂರು ದಾಖಲಾಗುತ್ತದೆ. ಜೀತದ ದೂರು ತಂದವರಿಗೆ 'ಸೌಕಾರರ ಹತ್ತಿರ ಮಾತಾಡಿ ಬಗೆಹರಿಸಿಕೊಳ್ಳಿ' ಎಂಬ ಬುದ್ಧಿವಾದ ಸಿಗುತ್ತದೆ.

ಸಮರ್ಥಕರ ಅತ್ಯಂತ ಗಟ್ಟಿಯಾದ ವಾದ ಸಮ್ಮತಿಯದು. ಯಾರೂ ಎಳೆದು ತಂದಿಲ್ಲ, ಅವರೇ ಬಂದು ಮುಂಗಡ ಕೇಳಿದರು, ಹೆಬ್ಬೆಟ್ಟು ಒತ್ತಿದರು. ನಿಜ, ಬಹುಪಾಲು ಮಂದಿ ಹಾಗೆಯೇ ಬರುತ್ತಾರೆ. ಬಂದ ಮೇಲೆ ಆಗುವುದನ್ನು ಹತ್ತಿರದಿಂದ ನೋಡಬೇಕು.

ಇಟ್ಟಿಗೆ ಭಟ್ಟಿಯ ಲೆಕ್ಕ ಹೀಗೆ ನಡೆಯುತ್ತದೆ. ಮಳೆಗಾಲದಲ್ಲಿ ಊರಿನಲ್ಲಿ ಕೂಲಿ ಇಲ್ಲದ ಹೊತ್ತಿಗೆ ಮೇಸ್ತ್ರಿ ಬಂದು ಹಣ ಕೊಡುತ್ತಾನೆ. ಮದುವೆಯ ಸಾಲ, ಆಸ್ಪತ್ರೆಯ ಸಾಲ, ಹೋದ ವರ್ಷದ ಬಾಕಿ, ಎಲ್ಲಕ್ಕೂ ಆ ಹಣ ಅಲ್ಲೇ ಕರಗುತ್ತದೆ. ಮಳೆ ನಿಂತ ಮೇಲೆ ಗಂಡ, ಹೆಂಡತಿ, ಮಕ್ಕಳು ಭಟ್ಟಿಗೆ ಬರುತ್ತಾರೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಮಣ್ಣು ಕಲಸುವುದು, ಅಚ್ಚಿಗೆ ಹಾಕುವುದು, ಬಿಸಿಲಿಗೆ ಹರಡುವುದು, ಮಗ್ಗುಲು ತಿರುಗಿಸುವುದು, ಒಟ್ಟುವುದು ಇಡೀ ಕುಟುಂಬದ ದುಡಿಮೆ. ಪುಸ್ತಕದಲ್ಲಿ ಇರುವುದು ಗಂಡನ ಹೆಸರು ಒಂದೇ. ಹೆಂಡತಿಯ ಹತ್ತು ಗಂಟೆಗೆ, ಇಟ್ಟಿಗೆ ತಿರುಗಿಸುವ ಮಗುವಿನ ಕೈಗೆ ಪ್ರತ್ಯೇಕ ಕೂಲಿ ಎಂಬುದೇ ಇಲ್ಲ.

ಕೈಗೆ ಸಿಗುವುದು ವಾರದ ಖರ್ಚಿಗೆ ಒಂದಿಷ್ಟು. ಅದನ್ನೂ ಮುಂಗಡದ ಬದಿಗೇ ಬರೆಯುತ್ತಾರೆ. ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ ಅದನ್ನೂ ಬರೆಯುತ್ತಾರೆ. ಅಕಾಲದಲ್ಲಿ ಒಂದು ಮಳೆ ಬಿದ್ದು ಹಸಿ ಇಟ್ಟಿಗೆ ಕರಗಿದರೆ ಆ ಇಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಆ ದಿನಗಳ ಖರ್ಚು ಬರುತ್ತದೆ. ಪುಸ್ತಕ ಇರುವುದು ಮೇಸ್ತ್ರಿಯ ಅಥವಾ ಮಾಲೀಕನ ಕೈಯಲ್ಲಿ. ಲೆಕ್ಕ ಚುಕ್ತಾ ಆಗುವುದು ಹಂಗಾಮು ಮುಗಿದ ಮೇಲೆ, ಒಂದೇ ಸಲ. ನಡುವೆ ಕೂಲಿ ಎಷ್ಟಾಯಿತು ಎಂದು ಕೇಳಿದವನು ಜಗಳಗಂಟನಾಗುತ್ತಾನೆ. ಕೊನೆಗೆ ಬಾಕಿ ಉಳಿದರೆ ಅದು ಮುಂದಿನ ವರ್ಷದ ಹಗ್ಗ. ಬಾಗಿಲಿಗೆ ಬೀಗ ಏಕೆ ಬೇಕು? ಹೋದರೆ ಆರು ತಿಂಗಳ ಕೂಲಿ ಹೋಯಿತು, ಮಕ್ಕಳೊಂದಿಗೆ ನಡುರಾತ್ರಿ ಹೋಗಬೇಕು, ಊರಲ್ಲಿ ಮೇಸ್ತ್ರಿಯ ಕಡೆಯವರು ಕಾಯುತ್ತಿರುತ್ತಾರೆ.

ಒಳಗೆ ಬರುವಾಗ ಕೊಟ್ಟ ಒಪ್ಪಿಗೆಗೆ ಬೆಲೆ ಬರುವುದು ಅದನ್ನು ಹಿಂದಕ್ಕೆ ಪಡೆಯುವ ದಾರಿ ಇದ್ದಾಗ. ಆ ದಾರಿ ಮುಚ್ಚಿದ ಮೇಲೆ, ಅಂದು ಒಪ್ಪಿದ್ದಾನೆ ಎಂಬ ಮಾತು ಇವತ್ತಿನ ಬಂಧನವನ್ನು ಸಮರ್ಥಿಸಲಾರದು. ಭಾರತದ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನೂ ಆಳಕ್ಕೆ ಒಯ್ದಿತು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟುತ್ತಿದ್ದ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಹಸಿವು ಮತ್ತು ಬಡತನದ ಒತ್ತಡವೂ ಒತ್ತಾಯವೇ ಎಂದು ಹೇಳಿತು. ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನ ದುಡಿಮೆ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಅದಕ್ಕೂ ಮೂವತ್ತೈದು ವರ್ಷ ಮೊದಲು, 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಕೃತಿಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಇದೇ ಜಾಗಕ್ಕೆ ಬೆರಳಿಟ್ಟಿದ್ದರು. ಕೆಲಸವಿಲ್ಲದವನ ಮುಂದೆ ಒಂದು ಕಡೆ ಕೆಲಸ, ಇನ್ನೊಂದು ಕಡೆ ಹಕ್ಕುಗಳನ್ನಿಟ್ಟರೆ ಹಸಿದವನು ಹಕ್ಕು ಬಿಟ್ಟು ಕೆಲಸವನ್ನೇ ಆರಿಸಿಕೊಳ್ಳಬೇಕಾಗುತ್ತದೆ ಎಂಬುದು ಅವರ ವಾದ. ಸರ್ಕಾರದ ಹಿಡಿತ ಇಲ್ಲದ ಕಡೆ ಇರುವುದು ಜಮೀನುದಾರನ, ಬಂಡವಾಳಗಾರನ ಹಿಡಿತ ಎಂಬುದನ್ನು ಅವರು ಸಂವಿಧಾನ ರಚನೆಗೆ ಮುನ್ನವೇ ಎಚ್ಚರಿಸಿದ್ದರು.

ಹಿಡಿತ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದಕ್ಕೆ ಕಬ್ಬು ಕಡಿಯುವ ಹೆಂಗಸರ ಮೈಯೇ ಸಾಕ್ಷಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಗ್ಯಾಂಗುಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಗೂ ಬರುತ್ತವೆ. ಗ್ಯಾಂಗು ಕೂಡಿಸುವ ಮಧ್ಯವರ್ತಿಯಾದ ಮುಕಾದಮ ಮುಂಗಡ ಕೊಡುವುದು ಗಂಡ ಹೆಂಡತಿಯ ಜೋಡಿಗೆ. ಒಬ್ಬರು ಒಂದು ದಿನ ತಪ್ಪಿಸಿದರೂ ದಂಡ. ಹೊಲದಲ್ಲಿ ಶೌಚಾಲಯವಿಲ್ಲ, ನೀರಿಲ್ಲ, ಮುಟ್ಟಿನ ದಿನಕ್ಕೂ ರಜೆಯಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ್ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಕಬ್ಬು ಕಾರ್ಮಿಕ ಮಹಿಳೆಯರ ಸಮೀಕ್ಷೆ ನಡೆಸಿತು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಯಾವ ಮುಕಾದಮನೂ ಅವರನ್ನು ಕಟ್ಟಿಹಾಕಿ ಆಸ್ಪತ್ರೆಗೆ ಒಯ್ದಿರಲಿಕ್ಕಿಲ್ಲ. ಅವರೇ ನಡೆದುಹೋದರು, ಅವರೇ ಸಹಿ ಹಾಕಿದರು. ಇದನ್ನು ಸ್ವಂತ ಆಯ್ಕೆ ಎಂದು ಕರೆಯುವ ಎದೆಗಾರಿಕೆ ಯಾರಿಗಿದೆ?

ಓದಿದವರು ಮುಂದಿಡುವ ಇನ್ನೊಂದು ಹೋಲಿಕೆ ಇದೆ. ಬ್ಯಾಂಕಿನವರೂ ಐಟಿಯವರೂ ಬಾಂಡ್ ಬರೆದುಕೊಡುತ್ತಾರೆ, ಮನೆ ಸಾಲ ಮಾಡಿದವರೂ ಇಪ್ಪತ್ತು ವರ್ಷ ಕಂತು ಕಟ್ಟುತ್ತಾರೆ, ಹಾಗಾದರೆ ಅವರೂ ಜೀತದಾಳುಗಳೇ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಪ್ರಕರಣವನ್ನೇ ನೋಡಬಹುದು. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಅಧಿಕಾರಿಯೊಬ್ಬರು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪಿತ್ತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಷರತ್ತು ಸರಿ ಎಂದಿತು. ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಆ ಅಧಿಕಾರಿ ರಾಜೀನಾಮೆ ಕೊಟ್ಟರು, ಆಕ್ಷೇಪಿಸುತ್ತಲೇ ಎರಡು ಲಕ್ಷ ಕಟ್ಟಿದರು, ಇನ್ನೊಂದು ಬ್ಯಾಂಕಿಗೆ ಸೇರಿದರು, ಆಮೇಲೆ ನ್ಯಾಯಾಲಯಕ್ಕೆ ಹೋದರು. ಅವರನ್ನು ಯಾರೂ ಊರಿಗೆ ಹುಡುಕಿಕೊಂಡು ಹೋಗಲಿಲ್ಲ, ಅವರ ಹೆಂಡತಿ ಮಕ್ಕಳ ದುಡಿಮೆಯನ್ನು ಯಾರೂ ಬರೆಸಿಕೊಂಡಿರಲಿಲ್ಲ. ಮನೆ ಸಾಲ ಕೊಟ್ಟ ಬ್ಯಾಂಕಿಗೆ ಸಾಲಗಾರ ಯಾರ ಹತ್ತಿರ ದುಡಿಯುತ್ತಾನೆ ಎಂಬುದು ಬೇಕಿಲ್ಲ, ಕಂತು ಬಂದರೆ ಸಾಕು. ಭಟ್ಟಿಯಲ್ಲಿ ಸಾಲ ಕೊಡುವವನೂ ಕೆಲಸ ಕೊಡುವವನೂ ಲೆಕ್ಕ ಬರೆಯುವವನೂ ತಲೆಯ ಮೇಲಿನ ಸೂರು ಕೊಡುವವನೂ ಒಬ್ಬನೇ. ಒಬ್ಬ ಮನುಷ್ಯನ ಬದುಕಿನ ನಾಲ್ಕು ಬಾಗಿಲೂ ಒಂದೇ ಕೈಯಲ್ಲಿರುವುದನ್ನೇ ಅಧೀನತೆ ಎನ್ನುವುದು.

ಮುಂಗಡ ಕೊಟ್ಟು ಕಳೆದುಕೊಂಡವರ ಸಂಕಟವನ್ನು ಇಲ್ಲಿ ಅಲ್ಲಗಳೆಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮಾಲೀಕರು ಮುಕಾದಮರ ಕೈಗೆ ಲಕ್ಷಗಟ್ಟಲೆ ಕೊಟ್ಟು, ಗ್ಯಾಂಗ್ ಬಾರದೆ, ತಾವೇ ಸಾಲದಲ್ಲಿ ಮುಳುಗಿದ್ದಾರೆ. ಅವರ ಹಣವನ್ನು ಹೆಚ್ಚಿನ ಸಲ ನುಂಗುವವನು ನಡುವಿನವನು, ಕಬ್ಬು ಕಡಿಯುವವನಲ್ಲ. ಕೋಟಿಗಟ್ಟಲೆ ವಹಿವಾಟು ನಡೆಸುವ ಕಾರ್ಖಾನೆಗಳು ಕಡಿಯುವವರನ್ನು ತಮ್ಮ ನೌಕರರೆಂದು ಒಪ್ಪದೆ, ಗುರುತಿನ ಚೀಟಿ ಕೊಡದೆ, ವಾರದ ಕೂಲಿ ಕೊಡದೆ, ಎಲ್ಲ ಅಪಾಯವನ್ನೂ ಟ್ರ್ಯಾಕ್ಟರಿನವನ ಮತ್ತು ಕೊಯ್ಯುವವನ ತಲೆಗೆ ಕಟ್ಟಿವೆ. ಕಾರ್ಖಾನೆ ನೇರವಾಗಿ ಕೂಲಿ ಕೊಟ್ಟ ದಿನ ಮುಂಗಡದ ಅಗತ್ಯವೇ ಕುಗ್ಗುತ್ತದೆ. ಟ್ರ್ಯಾಕ್ಟರ್ ಮಾಲೀಕರ ಕೋಪ ಹೋಗಬೇಕಾದದ್ದು ಆ ಕಡೆಗೆ.

ಅಧಿಕಾರಿಗಳ ಮೌನಕ್ಕೆ ಮಾತ್ರ ಇಂಥ ಯಾವ ನೆಪವೂ ಇಲ್ಲ. 1983ರಲ್ಲಿ ಸ್ವಾಮಿ ಅಗ್ನಿವೇಶ್ ನೇತೃತ್ವದ ಬಂಧುವಾ ಮುಕ್ತಿ ಮೋರ್ಚಾ ಫರೀದಾಬಾದಿನ ಕಲ್ಲುಗಣಿ ಕಾರ್ಮಿಕರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತಾಗ, ಹರಿಯಾಣ ಸರ್ಕಾರ ಒಂದು ವಾದ ಹೂಡಿತು. ಅಲ್ಲಿ ಬಲವಂತದ ದುಡಿಮೆ ಇರಬಹುದು, ಜೀತ ಇಲ್ಲ, ಮುಂಗಡ ಪಡೆದದ್ದನ್ನು ಕಾರ್ಮಿಕರೇ ಸಾಬೀತು ಮಾಡಲಿ ಎಂದಿತು. ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಎಂದೇ ಊಹಿಸಬೇಕು, ಇಲ್ಲ ಎನ್ನುವವರು ತೋರಿಸಲಿ ಎಂದಿತು. ಇಂದಿಗೂ ತನಿಖೆಗೆ ಹೋಗುವ ತಂಡ ಮಾಲೀಕನ ಎದುರಿಗೇ ಕಾರ್ಮಿಕನನ್ನು 'ನಿನಗೇನಾದರೂ ತೊಂದರೆ ಇದೆಯೇನಪ್ಪ?' ಎಂದು ಕೇಳಿ, 'ಇಲ್ಲ' ಎಂಬ ಉತ್ತರವನ್ನು ಬರೆದುಕೊಂಡು ಬರುವುದುಂಟು.

ಬೀಗ ಹಾಕಿದ ಶೆಡ್ಡು ಸಿಕ್ಕಿದಾಗ ಮಾತ್ರ ವ್ಯವಸ್ಥೆ ಬೆಚ್ಚಿಬೀಳುತ್ತದೆ. 2018ರ ಡಿಸೆಂಬರಿನಲ್ಲಿ ಹಾಸನದ ಬಳಿಯ ಶೆಡ್ಡೊಂದರಿಂದ 52 ಮಂದಿಯನ್ನು ಬಿಡಿಸಿದಾಗ ಹಾಗಾಯಿತು. 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಮುಂಗಡದ ಬಾಕಿಗಾಗಿ ದಲಿತ ಕುಟುಂಬಗಳನ್ನು ಕೂಡಿಹಾಕಿದರು, ಗರ್ಭಿಣಿಯೊಬ್ಬರಿಗೆ ಗರ್ಭಪಾತವಾಯಿತು ಎಂಬ ದೂರು ಬಂದಾಗಲೂ ಹಾಗೆಯೇ ಆಯಿತು. ಆ ಕುಟುಂಬಗಳು ಕೋಣೆಗೆ ಬೀಗ ಬೀಳುವ ಮುಂಚಿನ ದಿನಗಳಲ್ಲೂ ಅದೇ ತೋಟದ ಲೈನ್ ಮನೆಯಲ್ಲಿ, ಅದೇ ಸಾಲದಡಿ ಇದ್ದವು. ಕಾನೂನಿನ ಕಣ್ಣಿಗೆ ಬೀಳಬೇಕಾಗಿದ್ದದ್ದು ಆ ದಿನಗಳು.

ಬಿಡಿಸಿದವರಿಗೆ 2016ರ ಕೇಂದ್ರ ಯೋಜನೆ ಒಂದು ಲಕ್ಷದಿಂದ ಮೂರು ಲಕ್ಷ ರೂಪಾಯಿವರೆಗೆ ಪುನರ್ವಸತಿ ನೆರವನ್ನು ಹೇಳುತ್ತದೆ. ಅದರ ದೊಡ್ಡ ಪಾಲನ್ನು ಆರೋಪಿಯ ಶಿಕ್ಷೆಗೆ ಗಂಟು ಹಾಕಲಾಗಿದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಬಿಡುಗಡೆಯಾದ ಕುಟುಂಬ ಅಷ್ಟರಲ್ಲಿ ಇನ್ನೊಬ್ಬ ಮೇಸ್ತ್ರಿಯ ಮುಂದೆ ಕೈಯೊಡ್ಡಿರುತ್ತದೆ. ಬಿಡುಗಡೆಯ ಜೊತೆಗೇ ಪುನರ್ವಸತಿ ಆಗದಿದ್ದರೆ ಅವರು ಮತ್ತೆ ಜೀತಕ್ಕೇ ಬೀಳುತ್ತಾರೆ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು. ಅದೇ 2016ರಲ್ಲಿ ಕೇಂದ್ರ ಸರ್ಕಾರ 2030ರೊಳಗೆ 1 ಕೋಟಿ 84 ಲಕ್ಷ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿ ಘೋಷಿಸಿತು. ಕಾಯ್ದೆ ಬಂದಂದಿನಿಂದ ಬಿಡುಗಡೆಯಾದವರು ಸುಮಾರು ಮೂರು ಲಕ್ಷ. ಜೀತ ಮುಗಿದುಹೋಗಿದೆ ಎನ್ನುವವರು ಸರ್ಕಾರದ ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡಲಿ.

ಕನ್ನಡಿಗರಿಗೆ ಇದು ತಿಳಿಯದ ವಿಷಯವೇನಲ್ಲ. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು 1933ರಲ್ಲೇ ಬರೆದರು. ಕಾಫಿ ತೋಟದ ಸಾಲ ಚೋಮನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುವುದು, ಆ ಸಾಲಕ್ಕೆ ಮಗಳು ಬೆಳ್ಳಿ ತನ್ನ ಮೈಯನ್ನೇ ತೆರಬೇಕಾದದ್ದು ಅದರಲ್ಲಿದೆ. ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ, ಜೀತ ನಿಷೇಧದ ಸುಗ್ರೀವಾಜ್ಞೆ ಹೊರಟ ವರ್ಷದಲ್ಲೇ. ಅದಕ್ಕೆ ಸ್ವರ್ಣಕಮಲವೂ ಬಂತು. ಚೋಮನಿಗಾಗಿ ಕಣ್ಣೀರಿಟ್ಟ ನಾಡು, ಮುಂಗಡ ಪಡೆದು ಭಟ್ಟಿಗೆ ಬಂದ ಅವನ ಮೊಮ್ಮಕ್ಕಳನ್ನು ಮೋಸಗಾರರೆನ್ನುವುದನ್ನು ನಿಲ್ಲಿಸಬೇಕು.

ಪ್ರತಿ ಜಿಲ್ಲೆಯಲ್ಲೂ ಪ್ರತಿ ಉಪವಿಭಾಗದಲ್ಲೂ ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ. ನಿಮ್ಮ ಉಪವಿಭಾಗದ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತು, ಎಷ್ಟು ಭಟ್ಟಿ, ಎಷ್ಟು ತೋಟ ನೋಡಿತು ಎಂದು ಉಪವಿಭಾಗಾಧಿಕಾರಿಯನ್ನು ಬರವಣಿಗೆಯಲ್ಲಿ ಕೇಳಿ. ನಿಮ್ಮ ಮನೆಗೆ ಇಟ್ಟಿಗೆ ಇಳಿಸುವ ಕುಟುಂಬಕ್ಕೆ ವಾರದ ಕೂಲಿ ಕೈಗೆ ಬರುತ್ತದೆಯೇ, ಬೇಕೆಂದಾಗ ಊರಿಗೆ ಹೋಗಲು ಆಗುತ್ತದೆಯೇ ಎಂದು ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ವಿಚಾರಿಸಿ. ಆಗುವುದಿಲ್ಲ ಎಂದರೆ ಅದನ್ನು ಜಿಲ್ಲಾಧಿಕಾರಿಗೆ ದೂರಾಗಿ ಬರೆಯಿರಿ. ಆ ದೂರಿನ ಮೇಲೆ ಕೂಡಲೇ ವಿಚಾರಣೆ ನಡೆಸುವುದು ಅವರ ಮರ್ಜಿಗೆ ಬಿಟ್ಟದ್ದಲ್ಲ, ಕಾನೂನು ಅವರಿಗೆ ವಹಿಸಿದ ಕರ್ತವ್ಯ.